ಬಂದರಿನ ಭಾಷೆಯಲ್ಲಿ ಬರೆದದ್ದು

ಮದುವೆಯಾಗಿ ಬಂದ ಮರುದಿನ ಬೆಳಿಗ್ಗೆ ಸೊಸೆ ಯಾರನ್ನೂ ಕೇಳದೆ ಸಕ್ಕರೆ ಡಬ್ಬಿಗೆ ಕೈ ಹಾಕಿದಳು.

ಬೇರೆ ಮನೆಯಲ್ಲಾಗಿದ್ದರೆ ಇದು ಹೇಳುವಂಥ ಮಾತೇ ಅಲ್ಲ. ಈ ಮನೆಯ ಅಜ್ಜಿಗೆ ಸಕ್ಕರೆ ಕಾಯಿಲೆ. ಕಾಯಿಲೆಗಿಂತ ಹೆಚ್ಚಾಗಿ ಸಕ್ಕರೆಯ ಆಸೆ. ಕಣ್ಣಿಗೆ ಬಿದ್ದರೆ ಸಾಕು, ಒಂದು ಚಿಟಿಕೆ ಅಂತ ಶುರುಮಾಡಿ ಹಿಡಿ ಬಾಯಿಗೆ ಹಾಕಿಕೊಂಡು ಗೋಡೆ ಕಡೆ ತಿರುಗಿ ಕೂತುಬಿಡುತ್ತಿದ್ದರು. ಅದಕ್ಕೇ ಅತ್ತೆ ಅಕ್ಕಿ ಡ್ರಮ್ಮಿನ ಹಿಂದೆ, ‘ಬಟ್ಟೆ ಸೋಡಾ’ ಎಂದು ಚೀಟಿ ಅಂಟಿಸಿದ ತಗಡಿನ ಡಬ್ಬಿಯಲ್ಲಿ ಸಕ್ಕರೆ ಬಚ್ಚಿಡಲು ಶುರುಮಾಡಿ ಎಷ್ಟೋ ವರ್ಷವಾಗಿತ್ತು. ಅಜ್ಜಿ ಹುಡುಕಿ ಹುಡುಕಿ ಸೋತಿದ್ದರು. ಹೊಸ ಸೊಸೆ ನೆಟ್ಟಗೆ ಹೋಗಿ, ಬಗ್ಗಿ, ಅದೇ ಡಬ್ಬಿ ಎಳೆದು ಚಹಾಕ್ಕೆ ಸಕ್ಕರೆ ಸುರಿದಳು.

“ಓಹೋ! ಅಲ್ಲಿತ್ತಾ ಅದು?” ಅಂದರು ಅಜ್ಜಿ, ಮೂಲೆಯ ಕುರ್ಚಿಯಿಂದ.

ಈರುಳ್ಳಿ ಹೆಚ್ಚುತ್ತಿದ್ದ ಅತ್ತೆ ಕೈ ನಿಲ್ಲಿಸಿದರು. “ಯಾರಮ್ಮ ಹೇಳಿದ್ರು ನಿಂಗೆ?”

“ಯಾರೂ ಹೇಳ್ಲಿಲ್ಲ ಅತ್ತೆ. ಮಾವನ ಪುಸ್ತಕದಲ್ಲಿ ಇದೆಯಲ್ಲ, ಅದರಲ್ಲಿ ಆ ಹೆಂಗಸು ಸೋಡಾ ಡಬ್ಬೀಲಿ ಬಚ್ಚಿಡ್ತಾಳೆ. ನಿಜವಾಗ್ಲೂ ಇರುತ್ತಾ ನೋಡೋಣ ಅಂತ ಕೈ ಹಾಕ್ದೆ. ಇದೆ!” ಸೊಸೆಗೆ ನಗು ತಡೆಯಲಾಗಲಿಲ್ಲ.

“ಯಾವ ಪುಸ್ತಕ? ಅವರ ಪುಸ್ತಕ ಎಲ್ಲಾ ನಾನು ಓದಿದ್ದೀನಿ. ಡಬ್ಬಿ ಸುದ್ದಿ ಎಲ್ಲೂ ಇಲ್ಲ.”

“ನಮ್ಮ ಭಾಷೇದು ಅತ್ತೆ. ಕಾಲೇಜಲ್ಲಿ ನಮಗೆ ಪಾಠ ಇತ್ತು ಅದು.”

ಹಜಾರದಲ್ಲಿ ಕನ್ನಡಿ ಮುಂದೆ ಗಡ್ಡ ಹೆರೆಯುತ್ತಿದ್ದ ಮಾವ ಕೆನ್ನೆ ಕುಯ್ದುಕೊಂಡರು. “ಕಥೆ ಅಂದ್ಮೇಲೆ ಡಬ್ಬಿಗಿಬ್ಬಿ ಎಲ್ಲಾ ಇರುತ್ತೆ,” ಅಂದು, ಟವಲಿನಿಂದ ಕೆನ್ನೆ ಒತ್ತಿಕೊಂಡು ಕೋಣೆಗೆ ಹೋಗಿ ಪಿಟೀಲು ಶ್ರುತಿ ಮಾಡಲು ಕೂತರು. ಅಷ್ಟು ಬೆಳಿಗ್ಗೆ ಅವರು ಯಾವತ್ತೂ ಪಿಟೀಲು ಮುಟ್ಟಿದವರಲ್ಲ.

ಊರಿಗೆ ಅವರು ದೊಡ್ಡ ಸಾಹಿತಿಗಳು, ಪಿಟೀಲು ವಿದ್ವಾಂಸರು. ಸೊಸೆಗೆ ಮಾವ. ನಾವೂ ಮಾವ ಅಂದುಬಿಡೋಣ. ಸಾಹಿತಿಗಳು ಅಂದರೆ ಹಾರ ತುರಾಯಿ ತರಬೇಕಾಗುತ್ತದೆ. ಹರೆಯದಲ್ಲಿ ಅವರು ಬಂದರು ಪಟ್ಟಣದ ದೊಡ್ಡ ಹೋಟೆಲೊಂದರಲ್ಲಿ, ಊಟಕ್ಕೆ ಕೂತವರ ಚಮಚದ ಸದ್ದಿನ ನಡುವೆ ಪಿಟೀಲು ನುಡಿಸುತ್ತಿದ್ದರು. ಮಧ್ಯಾಹ್ನ ಹೊತ್ತು ಹೋಗದೆ ಅಲ್ಲಿಯ ಅಡುಗೆಯವರ ಜತೆ, ಇಸ್ತ್ರಿಯವನ ಜತೆ ಹರಟುತ್ತ ಆ ಊರಿನ ಭಾಷೆ ಕಲಿತರು. ಕಾದಂಬರಿ ಬರೆಯುವಷ್ಟು ಚೆನ್ನಾಗಿ ಕಲಿತರು. ಆಮೇಲೆ ಸರ್ಕಾರಿ ಕೆಲಸ ಸಿಕ್ಕಿ, ಆಫೀಸಿನ ಭಾಷೆಯಲ್ಲಿ ಸಂಗೀತ ವಿಮರ್ಶೆ ಬರೆದರು. ಮನೆ ಭಾಷೆಯಲ್ಲಿ ಹಾಸ್ಯ ಪ್ರಬಂಧ, ರೇಡಿಯೋಗೆ ಹಾಡು. ಮನೆ ಭಾಷೆ, ಆಫೀಸಿನ ಭಾಷೆ, ಬಂದರಿನ ಭಾಷೆ ಅನ್ನುವ ಹೆಸರುಗಳು ಅಜ್ಜಿ ಇಟ್ಟದ್ದು. ಮಗನ ಕೋಣೆಯ ಮೂರು ಕಪಾಟುಗಳ ಧೂಳು ಹೊಡೆಸುವಾಗ ತಮ್ಮ ಸೊಸೆಗೆ, ಅಂದರೆ ನಮ್ಮ ಅತ್ತೆಗೆ, ಅಪ್ಪಣೆ ಕೊಡಲು ಅನುಕೂಲವಾಗಲಿ ಅಂತ.

ವೇದಿಕೆ ಹತ್ತಿದಾಗೆಲ್ಲ ಮಾವ ಒಂದು ಮಾತು ಹೇಳುತ್ತಿದ್ದರು. “ನನ್ನ ಮೂರು ಭಾಷೆ ನನ್ನ ಪಿಟೀಲಿನ ಮೂರು ತಂತಿ.” ಪಿಟೀಲಿಗೆ ನಾಲ್ಕು ತಂತಿಯಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು. ಆಗ ಮಾವ ಮುಂದಿನ ಸಾಲಿನತ್ತ ಕಮಾನು ಚಾಚಿ, “ನಾಲ್ಕನೇದು ಅಲ್ಲಿ ಕೂತಿದ್ದಾಳೆ,” ಅನ್ನುವರು. ಚಪ್ಪಾಳೆಯೋ ಚಪ್ಪಾಳೆ. ಅತ್ತೆ ತಲೆ ತಗ್ಗಿಸಿ ಕೈಚೀಲದ ಜಿಪ್ಪು ಎಳೆಯುತ್ತ ಕೂರುತ್ತಿದ್ದರು.

ಮನೆ ಭಾಷೆಯ ಪುಸ್ತಕಗಳಲ್ಲಿ ಹೆಂಡತಿ ಜಾಣೆ, ತಾಯಿ ಮಮತೆಯ ಮೂರ್ತಿ, ಮಗ ಚೂಟಿ. ನೆಂಟರಿಷ್ಟರೆಲ್ಲ ಓದಿ ಖುಷಿಪಡುವ ಬರವಣಿಗೆ. ಬಂದರಿನ ಭಾಷೆಯ ಕಪಾಟಿನಲ್ಲಿ ಏನಿದೆ ಅಂತ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅಲ್ಲಿಂದ ಬಂದ ದುಡ್ಡಲ್ಲಿ ಫ್ರಿಜ್ಜು ಬಂತು ಅನ್ನುವಷ್ಟು ಗೊತ್ತಿತ್ತು. ಮಗ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವನು. ಹೊಸ ಯಂತ್ರ ಕಲಿತು ಬಾ ಅಂತ ಅಂಗಡಿಯವರು ಅವನನ್ನು ಬಂದರಿಗೆ ಕಳಿಸಿದರೆ, ಅಲ್ಲಿ ಕಣ್ಣು ಪರೀಕ್ಷೆ ಮಾಡುವ ಹುಡುಗಿಯನ್ನು ಮೆಚ್ಚಿಕೊಂಡು ಬಂದ. ಮಾವ ಈ ಮದುವೆಗೆ ತುಂಬ ದಿನ ಮೀನಮೇಷ ಎಣಿಸಿದರು. ಯಾಕೆ ಅಂದರೆ, “ದೂರದ ಸಂಬಂಧ,” ಅನ್ನುತ್ತಿದ್ದರು.

ಅದೇ ತಿಂಗಳು ಸುದ್ದಿ ಬಂತು. ಬಂದರಿನ ಭಾಷೆಯ, ಸೋಡಾ ಡಬ್ಬಿಯ ಅದೇ ಕಾದಂಬರಿಗೆ ದೊಡ್ಡ ಪ್ರಶಸ್ತಿ. ಈ ಊರಲ್ಲಿ ನೆಲೆಸಿರುವ ಬಂದರಿನವರ ಸಂಘ ತನ್ನ ಸಭಾಂಗಣದಲ್ಲೇ ಸಮಾರಂಭ ಮಾಡುತ್ತದಂತೆ. ಮಾವ ಮಾತಾಡಬೇಕು, ಪಿಟೀಲು ನುಡಿಸಬೇಕು, ಮನೆಯವರೆಲ್ಲ ಬರಲೇಬೇಕು.

“ಯಾತಕ್ಕಂತೆ ಪ್ರಶಸ್ತಿ?” ಊಟಕ್ಕೆ ಕೂತಾಗ ಅಜ್ಜಿ ಕೇಳಿದರು.

“ಪ್ರಾಮಾಣಿಕತೆಗೆ ಅಂತೆ ಅಜ್ಜಿ,” ಅಂದಳು ಸೊಸೆ. “ಅಳುಕಿಲ್ಲದ ಪ್ರಾಮಾಣಿಕತೆ ಅಂತ ಬರೆದಿದ್ದಾರೆ.”

“ಇವನಿಗಾ?” ಅಂದು ಅಜ್ಜಿ ಬೇಳೆ ಕಲಸಿಕೊಂಡರು. “ದುಡ್ಡು ಬರುತ್ತೋ? ಬಂದ್ರೆ ನಂಗೊಂದು ಹೊಸ ಹಲ್ಲಿನ ಸೆಟ್ ಮಾಡಿಸು. ಇದು ಮಾತಾಡಿದ್ರೆ ನನಗಿಂತ ಮುಂಚೆ ಮಾತಾಡುತ್ತೆ.”

ಅತ್ತೆಗೆ ಹೆಮ್ಮೆಯೋ ಹೆಮ್ಮೆ. ಎದುರು ಮನೆಯವರಿಗೆ, ಹಾಲಿನವನಿಗೆ, ಗ್ಯಾಸು ತರುವವನಿಗೆ ಎಲ್ಲರಿಗೂ ಹೇಳಿದರು. ಪುಸ್ತಕದಲ್ಲಿ ಏನಿದೆ ಅಂತ ಎದುರು ಮನೆಯವರು ಕೇಳಿದಾಗ ಮಾತ್ರ ಬಾಯಿ ಕಟ್ಟಿತು. ಗಂಡನಿಗೆ ಪ್ರಶಸ್ತಿ ತಂದ ಪುಸ್ತಕದ ಒಂದು ಸಾಲೂ ಗೊತ್ತಿಲ್ಲ ಅನ್ನುವುದು ಹೇಗೆ? ಅತ್ತೆ ಮನೆಗೆ ಬಂದವರೇ ಸೊಸೆಗೆ ಹೇಳಿದರು: “ನಾನು ಅಡುಗೆ ಮಾಡ್ತೀನಿ. ನೀನು ಕೂತು ಓದು. ಓದಿ ನಮ್ಮ ಭಾಷೇಲಿ ಹೇಳು.”

“ಅಡುಗೆ ಮನೇಲಿ ಓದೋ ಪುಸ್ತಕ ಅಲ್ಲ ಅದು,” ಅಂದರು ಮಾವ. “ಅದರ ಗತ್ತೇ ಬೇರೆ. ನಮ್ಮ ಭಾಷೆಗೆ ತಂದ್ರೆ ಕೆಟ್ಟುಹೋಗುತ್ತೆ.”

“ಕೆಟ್ರೆ ಕೆಡ್ಲಿ ಬಿಡಿ. ನಾವೇನು ಪ್ರಶಸ್ತಿ ಕೊಡಲ್ಲ.”

ಮಾರನೆಯ ದಿನ ನೋಡಿದರೆ ಬಂದರಿನ ಭಾಷೆಯ ಕಪಾಟಿಗೆ ಬೀಗ. ಸೊಸೆ ತನ್ನ ಪೆಟ್ಟಿಗೆಯಿಂದ ಕಾಲೇಜಿನ ಪ್ರತಿ ತೆಗೆದಳು. ರಟ್ಟು ಕಿತ್ತು ಬಂದಿತ್ತು, ಅಂಚಿನ ತುಂಬ ಪೆನ್ಸಿಲ್ ಗೀಟು.

ಹೀಗೆ ಓದು ಶುರುವಾಯಿತು. ಸೊಸೆ ಗಂಡ ಕೆಲಸ ಮಾಡುವ ಅಂಗಡಿಯಲ್ಲೇ ಕಣ್ಣು ಪರೀಕ್ಷೆಗೆ ಸೇರಿದ್ದಳು. ಅಂಗಡಿಗೆ ಹೋಗುವ ಮುಂಚೆ ಒಂದಿಷ್ಟು, ಸಂಜೆ ಬಂದಮೇಲೆ ಒಂದಿಷ್ಟು. ಅತ್ತೆ ಬಟಾಣಿ ಸುಲಿಯುತ್ತ, ಪಾತ್ರೆ ಒರೆಸುತ್ತ ಕೇಳುವರು. ಸೊಸೆ ಒಂದು ಸಾಲನ್ನು ತನ್ನ ಭಾಷೆಯಲ್ಲಿ ಓದಿಕೊಂಡು, ತಡವರಿಸುತ್ತ, ಈ ಮನೆಯ ಭಾಷೆಯಲ್ಲಿ ಹೇಳುವಳು. ಮಾವ ಕೋಣೆಯಲ್ಲಿ ಸಮಾರಂಭದ ತಾಲೀಮು ಅಂತ ಪಿಟೀಲು ನುಡಿಸುತ್ತಿದ್ದರು. ಸೊಸೆಯ ದನಿ ಏರಿದರೆ ಪಿಟೀಲೂ ಜೋರಾಗುತ್ತಿತ್ತು.

ಮೊದಮೊದಲು ಎಲ್ಲ ತಮಾಷೆಯಾಗಿಯೇ ಇತ್ತು. ಕಥೆಯಲ್ಲಿ ಒಬ್ಬ ಪಿಟೀಲಿನವನು, ಅವನ ಹೆಂಡತಿ, ತಾಯಿ, ಒಬ್ಬ ಮಗ. ತಾಯಿಯೋ, ಬಾಯಲ್ಲಿ ಹಲ್ಲಿಲ್ಲದೆಯೂ ಮನೆಮಂದಿಯನ್ನೆಲ್ಲ ಅಗಿಯುವವಳು.

“ನಾನಲ್ಲ ತಾನೇ ಅದು?” ಅಂದರು ಅಜ್ಜಿ.

“ಕಥೆ ಅಜ್ಜಿ.”

“ಸಕ್ಕರೆ ಕದಿಯುತ್ತಾಳಾ?”

“ಕದಿಯುತ್ತಾಳೆ.”

“ನನ್ನ ಬೊಚ್ಚು ಬಾಯಿ ಮಾರಿ ಫ್ರಿಜ್ಜು ತಂದನಲ್ಲೇ! ಅದರಲ್ಲಿ ಒಂದು ತಣ್ಣೀರು ಬಾಟ್ಲಿ ನಂಗೆ ಕೊಡಲ್ಲ, ಗಂಟಲು ಕಟ್ಟುತ್ತೆ ಅಂತಾನೆ!”

ಮಗನ ಸರದಿ ಬಂದಾಗ ನಗು ಸ್ವಲ್ಪ ಕಮ್ಮಿಯಾಯಿತು. ಅಂಗಡಿಯಿಂದ ಬಂದವನು ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ. ಕಥೆಯ ಹುಡುಗ ದೊಡ್ಡವನಾದರೂ ಹಾಸಿಗೆ ಒದ್ದೆ ಮಾಡುತ್ತಾನೆ, ಅಪ್ಪ ಅವನ ಹಾಸಿಗೆಯನ್ನು ಬೀದಿಗೆ ಕಾಣುವ ಹಾಗೆ ಒಣಗಲು ಹಾಕುತ್ತಾನೆ. ಸೊಸೆ ಓದುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು.

“ಇದು ನಿಂಗೆ ಮದುವೆಗೆ ಮುಂಚೇನೇ ಗೊತ್ತಿತ್ತಾ?” ಅವನ ಕಿವಿ ಕೆಂಪಾಗಿತ್ತು.

“ಅದು ನೀನೇ ಅಂತ ಆಗ ಗೊತ್ತಿರ್ಲಿಲ್ಲ. ಪರೀಕ್ಷೇಲಿ ಬಂದಿತ್ತು. ‘ಹಾಸಿಗೆಯ ಪ್ರಸಂಗದಲ್ಲಿ ತಂದೆಯ ಸ್ವಭಾವವನ್ನು ವಿವರಿಸಿ.’”

“ನೀನು ವಿವರಿಸ್ದೆ?”

“ಒಳ್ಳೆ ಅಂಕ ಬಂತು,” ಅಂದಳು ಸೊಸೆ, ಸಣ್ಣ ದನಿಯಲ್ಲಿ.

ಅವನು ತಟ್ಟೆ ಕೆಳಗಿಟ್ಟು ಅಪ್ಪನ ಕೋಣೆಗೆ ಹೋದ. “ಅಪ್ಪ, ಒಂದು ಮಾತು ಕೇಳಬಹುದಿತ್ತಲ್ಲ? ಒಂದೂರಿನ ಕಾಲೇಜು ಹುಡುಗರೆಲ್ಲ ನನ್ನ ಹಾಸಿಗೆ ಓದಿದ್ದಾರೆ!”

“ಆ ಊರಲ್ಲಿ ನಿನ್ನ ಗುರುತು ಯಾರಿಗಿದೆ?” ಅಂದರು ಮಾವ. “ಯಾರಿಗೂ ಗೊತ್ತಿಲ್ಲದ ಕಡೆ ಹೇಳಿಕೊಂಡ್ರೆ ಏನು ತಪ್ಪು? ಮನೆ ಭಾಷೇಲಿ ಬರೆದಿದ್ದೀನಾ? ಇಲ್ಲವಲ್ಲ. ನಿಮ್ಮ ಮರ್ಯಾದೆ ನಾನು ಯಾವತ್ತೂ ಕಳೆದಿಲ್ಲ.”

ಇದು ಅವರು ಎಷ್ಟೋ ವರ್ಷದಿಂದ ತಮಗೆ ತಾವೇ ಹೇಳಿಕೊಂಡು ಬಂದ ಸಮಾಧಾನ. ಬಾಯಿಬಿಟ್ಟು ಹೇಳಿದ್ದು ಅವತ್ತೇ ಮೊದಲು. ಹೇಳಿದಮೇಲೆ ಅದು ಅವರ ಕಿವಿಗೇ ಹಿತವಾಗಲಿಲ್ಲ. ಅವತ್ತು ಪಿಟೀಲು ಮತ್ತೆ ಕೈಗೆತ್ತಿಕೊಳ್ಳಲಿಲ್ಲ.

ಒಂದು ದಿನ ಒಲೆ ಮೇಲೆ ಹಾಲಿಟ್ಟು ಸೊಸೆ ತನ್ನೂರಿನ ಹಾಡೊಂದನ್ನು ಗುನುಗುತ್ತ ನಿಂತಿದ್ದಳು. “ಅತ್ತೆ, ನೀವೂ ಒಂದು ಹಾಡಿ.”

ಮೂಲೆಯಿಂದ ಅಜ್ಜಿ ನಕ್ಕರು. “ಅವಳಾ? ಅವಳು ಹಾಡಿದ್ರೆ ಹಾಲು ಒಡೆಯುತ್ತೆ.”

ಇದು ಆ ಮನೆಯ ಹಳೆ ತಮಾಷೆ. ಅತ್ತೆಯೂ ನಕ್ಕರು. ಆಮೇಲೆ ಅಜ್ಜಿ ಹಜಾರಕ್ಕೆ ಹೋದಮೇಲೆ ತಾವಾಗಿಯೇ ಹೇಳಿದರು. “ಹಾಡ್ತಿದ್ದೆ ನಾನು. ನಿಮ್ಮ ಮಾವಂಗಿಂತ ಮುಂಚೆ ಪೇಪರಲ್ಲಿ ನನ್ನ ಹೆಸರು ಬಂದಿತ್ತು. ನಿನ್ನ ಗಂಡ ಹುಟ್ಟೋ ಹಿಂದಿನ ವರ್ಷ ದೊಡ್ಡ ಸಭೇಲಿ ಇಬ್ರದೂ ಕಾರ್ಯಕ್ರಮ. ನಾನು ಹಾಡೋದು, ಅವರು ಪಿಟೀಲು. ಯಾಕೋ ಶುರುವಿನಿಂದ್ಲೇ ಗಂಟಲು ಬಿಗಿ. ಮೇಲಿನ ಸ್ವರಕ್ಕೆ ಹೋದ ತಕ್ಷಣ ದನಿ ಒಡೆದುಹೋಯ್ತು. ಹಿಂದಿನ ಸಾಲಿನವರು ಸಿಳ್ಳೆ ಹಾಕಿದ್ರು. ನಮ್ಮಪ್ಪ ಎದ್ದು ಹೊರಗೆ ಹೋಗಿಬಿಟ್ರು. ಪಾಪ, ಇವರು ಒಬ್ರೇ ನುಡಿಸಿ ಸಭೆ ಉಳಿಸಿದ್ರು. ಅವತ್ತಿಂದ್ಲೇ ಇವರಿಗೆ ಹೆಸರು ಬಂದಿದ್ದು.”

ಸೊಸೆ ಅವರನ್ನೇ ನೋಡುತ್ತಿದ್ದಳು. “ಆಮೇಲೆ ಹಾಡ್ಲೇ ಇಲ್ವಾ?”

“ಯಾವ ಮುಖ ಇಟ್ಕೊಂಡು ಹಾಡ್ಲಿ? ಮಗೂನ ಮಲಗಿಸುವಾಗ ಕೂಡ ಬೆನ್ನು ತಟ್ತಿದ್ದೆ ಅಷ್ಟೆ. ಗಂಟಲು ಕೈಕೊಟ್ಟ ಮೇಲೆ ಅದನ್ನ ನಂಬೋದು ಹೇಗೆ? ನಮ್ಮಪ್ಪ ಆ ವಿಷಯ ಎತ್ತಲೇ ಇಲ್ಲ. ಹಾಗೇ ತೀರಿಕೊಂಡ್ರು.”

ಹಾಲು ಉಕ್ಕಿ ಒಲೆ ಆರಿತು. ಸೊಸೆ ಒರೆಸಲು ಬಟ್ಟೆ ಹುಡುಕುತ್ತ ಮುಖ ತಿರುಗಿಸಿಕೊಂಡಳು. ಅತ್ತೆಗೆ ಎಲ್ಲ ಗೊತ್ತು ಅಂತಲೇ ಅವಳು ಇಷ್ಟು ದಿನ ತಿಳಿದಿದ್ದಳು. ಪುಸ್ತಕದಲ್ಲಿ ಹಾಗೇ ಇತ್ತು.

ಪುಸ್ತಕದಲ್ಲಿ ಇನ್ನೊಂದೂ ಇತ್ತು. ಪರದೆಯ ಹಿಂದೆ ಪಿಟೀಲಿನವನು, ತಂತಿ ಸಡಿಲವಾಗಿದೆ ಅಂತ ಹೆಂಡತಿಗೆ ಹೇಳಿ, ತಂತಿ ಬಿಗಿಯುವ ಬಿರಡೆ ತಿರುವಿ ಶ್ರುತಿ ಏರಿಸುತ್ತಾನೆ. ಅವನು ಕೊಡುವ ಶ್ರುತಿ ಹಿಡಿದು ಅವಳು ಹಾಡಬೇಕು. ಅವಳ ದನಿ ಅಲ್ಲಿಗೆ ಎಟುಕುವುದಿಲ್ಲ ಅಂತ ಅವನಿಗೆ ಗೊತ್ತು. ಪೇಪರಿನಲ್ಲಿ ಅವಳನ್ನು ಹೊಗಳಿ, ಇವನನ್ನು ‘ಜತೆಗೆ ಪಿಟೀಲು’ ಅಂತ ಮುಗಿಸಿದ್ದರು. ಆ ಎರಡು ಪದ ಅವನಿಗೆ ನುಂಗಲು ಆಗಿರಲಿಲ್ಲ. ಕೊನೆಯ ಅಧ್ಯಾಯದಲ್ಲಿ ಅವನು ಹೆಂಡತಿಯ ಮುಂದೆ ಅತ್ತು ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ. ಅವಳು ಅವನ ಕಣ್ಣೊರೆಸಿ ಕ್ಷಮಿಸುತ್ತಾಳೆ. ಕಾಲೇಜಿನಲ್ಲಿ ಆ ಪುಟ ಓದಿ ಸೊಸೆ, ಅವಳ ಗೆಳತಿಯರು ಎಲ್ಲರೂ ಗೊಳೋ ಅಂತ ಅತ್ತಿದ್ದರು.

ಅವಳು ಚಹಾದ ಲೋಟ ಹಿಡಿದು ಮಾವನ ಕೋಣೆಗೆ ಹೋದಳು.

“ಮಾವ, ನಾಳೆ ಆ ಕಾರ್ಯಕ್ರಮದ ಅಧ್ಯಾಯ ಬರುತ್ತೆ. ಅತ್ತೆಗೆ ಗೊತ್ತಿಲ್ಲ. ನೀವು ಹೇಳೇ ಇಲ್ಲ.”

ಮಾವ ಲೋಟ ತೆಗೆದುಕೊಂಡರು, ಕುಡಿಯಲಿಲ್ಲ. “ಹೇಳಬೇಕು ಅಂತಲೇ ಬರೆದೆ. ಬರೆದ ಮೇಲೆ ಹೇಳಿದ ಹಾಗೇ ಆಗಿಬಿಡ್ತು. ಮನಸ್ಸು ಹಗುರ ಆಯ್ತು.”

“ನಿಮ್ಮ ಮನಸ್ಸು.”

“ಈಗ ಈ ವಯಸ್ಸಲ್ಲಿ ಹೇಳಿ ಏನು ಬಂತಮ್ಮ? ಸಮಾರಂಭ ಮುಗೀಲಿ. ಆಮೇಲೆ ನಾನೇ ಹೇಳ್ತೀನಿ. ನಾಳೆ ಅದನ್ನ ಹಾರಿಸಿ ಮುಂದಿನದಕ್ಕೆ ಹೋಗು. ನಿಂಗೆ ಕೈ ಮುಗೀತೀನಿ.”

ಅಷ್ಟು ದೊಡ್ಡವರು, ತಾನು ಯಾರ ಪಾಠ ಓದಿ ಬೆಳೆದಳೋ ಅವರು, ನಿಜವಾಗಿಯೂ ಕೈ ಜೋಡಿಸಿಬಿಟ್ಟರು. ಸೊಸೆಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಆಗಲಿ ಅಂದಳು. ಅಂದಮೇಲೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಮರುದಿನ ಅತ್ತೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತ ಕೂತರು. ಸೊಸೆ ಪುಟ ಮಗುಚಿ, ಪುಸ್ತಕದ ಮೇಲೆ ಕಣ್ಣಿಟ್ಟುಕೊಂಡೇ ಇಲ್ಲದ್ದನ್ನು ಹೇಳಿದಳು. “ಅವತ್ತು ಅವರಿಬ್ರದೂ ಕಾರ್ಯಕ್ರಮ ಇರುತ್ತೆ. ಜೋರು ಮಳೆ ಬರುತ್ತೆ. ಕರೆಂಟು ಹೋಗುತ್ತೆ. ಕಾರ್ಯಕ್ರಮ ಅರ್ಧಕ್ಕೇ ನಿಂತು ಎಲ್ರೂ ಮನೆಗೆ ಹೋಗ್ತಾರೆ. ಅಷ್ಟೆ.”

ಅತ್ತೆ ಅರ್ಧ ಸುಲಿದ ಆಲೂಗಡ್ಡೆ ಕೆಳಗಿಟ್ಟರು. “ಮಳೆ ಬಂತು ಅಂತ ಬರೆದಿದ್ದಾರಾ?”

“ಹ್ಞೂಂ ಅತ್ತೆ.”

“ನನ್ನ ಹಾಸ್ಯ ಮಾಡಿರ್ತಾರೆ ಅಂದ್ಕೊಂಡಿದ್ದೆ. ಎಲ್ಲರ ಗುಟ್ಟನ್ನೂ ಬರೆದವರು ನನ್ನ ಅವಮಾನ ಒಂದು ಬಿಟ್ಟಿದ್ದಾರೆ ನೋಡು.” ಅವರ ಕಣ್ಣಲ್ಲಿ ನೀರು ತುಂಬಿತು. “ನನ್ನ ಮೇಲೆ ಅಷ್ಟು ಮರುಕ ಇದೆ ಅವರಿಗೆ.”

ಅವತ್ತು ಊಟಕ್ಕೆ ಮಾವನ ತಟ್ಟೆಗೆ ಒಂದು ಮೊಟ್ಟೆ ಹೆಚ್ಚಿಗೆ ಬಿತ್ತು. ಮಾವ ಅದನ್ನು ತಟ್ಟೆಯ ಅಂಚಿಗೆ ಸರಿಸಿದರು. ಸೊಸೆ ತನ್ನ ತಟ್ಟೆ ಎತ್ತಿಕೊಂಡು ಎದ್ದುಹೋದಳು. ಅತ್ತೆ ಮಾತ್ರ ಖುಷಿಯಾಗಿದ್ದರು. ಸಮಾರಂಭಕ್ಕೆ ಯಾವ ಬಣ್ಣದ ಬಟ್ಟೆ ಅಂತ ಮಗನನ್ನು ಕೇಳುತ್ತಿದ್ದರು.

ಸಮಾರಂಭ ಭಾನುವಾರ ಬೆಳಿಗ್ಗೆ. ಸಭಾಂಗಣದ ಹೊರಗೆ ಚಪ್ಪಲಿ ಅಂಗಡಿ, ಪಕ್ಕದಲ್ಲಿ ಬಸ್ ನಿಲ್ದಾಣ. ಒಳಗೆ ಕುರ್ಚಿಗಳೆಲ್ಲ ಭರ್ತಿ. ಅತ್ತೆ ಒಳಗೆ ಕಾಲಿಟ್ಟ ಕೂಡಲೇ ಸಾಲು ಸಾಲಾಗಿ ಹೆಂಗಸರು ಎದ್ದು ನಿಂತರು. ಮಾವನಿಗೆ ಅಂದುಕೊಂಡು ಅತ್ತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮಾವ ಮುಂದೆ ಹೋದಮೇಲೂ ಅವರು ನಿಂತೇ ಇದ್ದರು.

ಭಾಷಣಗಳು ಬಂದರಿನ ಭಾಷೆಯಲ್ಲಿ. ಅತ್ತೆಗೆ ಏನೂ ಅರ್ಥವಾಗಲಿಲ್ಲ. ಮಾವ ಎದ್ದರು, ಮೂರು ತಂತಿಯ ಮಾತು ಹೇಳಿದರು, ರೂಢಿಯಂತೆ ಕಮಾನು ಮುಂದಿನ ಸಾಲಿನತ್ತ ಚಾಚಿದರು. ಚಪ್ಪಾಳೆ ಬೀಳಲಿಲ್ಲ. ಇಡೀ ಸಭೆ ಅತ್ತೆಯ ಕಡೆ ತಿರುಗಿತು, ಕೆಲವರು ಕಣ್ಣೊರೆಸಿಕೊಂಡರು. ಅತ್ತೆ ಕೈಚೀಲದ ಜಿಪ್ಪು ಎಳೆಯುವುದನ್ನು ನಿಲ್ಲಿಸಿದರು. “ಯಾಕೆ ಹೀಗೆ ನೋಡ್ತಾರೆ ಎಲ್ರೂ?” ಎಂದು ಸೊಸೆಯ ಕಿವಿಯಲ್ಲಿ ಕೇಳಿದರು.

ಮಾವ ಪಿಟೀಲು ನುಡಿಸಿದರು. ನಡುವೆ ಒಂದೆರಡು ಕಡೆ ಅಪಸ್ವರ ಬಂತು. ಮುಗಿದ ಕೂಡಲೇ ಹೆಂಗಸರು ಮುಂದಿನ ಸಾಲಿಗೆ ಬಂದು ಮುತ್ತಿಕೊಂಡರು. ಒಬ್ಬಳು ಅತ್ತೆಯ ಎರಡೂ ಕೈ ಹಿಡಿದಳು. ಒಬ್ಬ ಮುದುಕಿ, ಊರುಗೋಲು ಮಗಳ ಕೈಗೆ ಕೊಟ್ಟು, ಅತ್ತೆಯ ಗಂಟಲನ್ನು ಮೆಲ್ಲಗೆ ಸವರಿ ಏನೋ ಕೇಳಿದಳು.

“ಏನಂತಾರಮ್ಮ?”

ಸೊಸೆ ಮಾವನನ್ನು ನೋಡಿದಳು. ಮಾವ ವೇದಿಕೆಯ ಮೇಲೆ ಪಿಟೀಲನ್ನು ಪೆಟ್ಟಿಗೆಗೆ ಇಡುತ್ತ ಇವರನ್ನೇ ನೋಡುತ್ತಿದ್ದರು.

“ಅತ್ತೆ, ಮನೆಗೆ ಹೋದ್ಮೇಲೆ…”

“ಈಗ ಹೇಳು. ಅವರು ನನ್ನ ಕೇಳಿದ್ದು. ನನ್ನ ಗಂಟಲು ಮುಟ್ಟಿ ಕೇಳಿದ್ದು.”

“ಅಂಥಾ ಗಂಡನ್ನ ಹೇಗೆ ಕ್ಷಮಿಸಿದ್ರಿ ತಾಯಿ, ಅಂತಾರೆ.”

ಅತ್ತೆ ಮುದುಕಿಯ ಮುಖ ನೋಡಿದರು, ಸೊಸೆಯ ಮುಖ ನೋಡಿದರು. “ಏನನ್ನ?” ಅಂದರು. ಮುದುಕಿಗೆ ಆ ಮಾತು ಅರ್ಥವಾಗಲಿಲ್ಲ. ತಲೆ ಸವರಿ ಹರಸಿ ಹೋದಳು.

ಮನೆಗೆ ಬರುವಾಗ ಆಟೋದಲ್ಲಿ ಪ್ರಶಸ್ತಿಯ ಫಲಕ ಅಜ್ಜಿಯ ತೊಡೆಯ ಮೇಲಿತ್ತು. ಮನೆಗೆ ಬಂದು ಅತ್ತೆ ಬಟ್ಟೆ ಬದಲಿಸಲಿಲ್ಲ. ನೇರ ಅಡುಗೆ ಮನೆಗೆ ಹೋಗಿ ಬೆಳಿಗ್ಗೆ ಮಾಡಿಟ್ಟಿದ್ದ ಅನ್ನ, ಬೇಳೆ ಬಿಸಿ ಮಾಡಿ ಎಲ್ಲರಿಗೂ ಬಡಿಸಿದರು. ತಾವು ಕೂರಲಿಲ್ಲ. ಸೌಟು ಕೈಯಲ್ಲೇ ಇತ್ತು.

“ಅವತ್ತು ಮಳೆ ಬಂದಿರ್ಲಿಲ್ಲ,” ಅಂದರು ಸೊಸೆಗೆ. “ನಂಗೆ ಗೊತ್ತಿಲ್ವಾ? ನಾನು ಅಲ್ಲೇ ಇದ್ದೆ. ಏನು ಬರೆದಿದೆ ಅದರಲ್ಲಿ?”

ಸೊಸೆ ಅಳಲು ಶುರುಮಾಡಿದಳು. “ನನ್ನದು ತಪ್ಪಾಯ್ತು ಅತ್ತೆ. ನಾನು ಸುಳ್ಳು ಓದಿದೆ.”

“ಅವಳನ್ನ ಬಿಡು. ನಾನೇ ಹೇಳಿದ್ದೆ ಹಾರಿಸು ಅಂತ,” ಅಂದರು ಮಾವ. ಗಂಟಲು ಸರಿಮಾಡಿಕೊಂಡರು. “ನೋಡು… ಒಬ್ಬ ಕಲಾವಿದನ ಜೀವನದಲ್ಲಿ ಕೆಲವು ಸಂದರ್ಭಗಳು…”

“ಭಾಷಣ ಬೇಡ ರೀ. ಊಟದ ಹೊತ್ತಲ್ಲಿ ಮಾತಾಡೋ ಹಾಗೆ ಹೇಳಿ.”

ಮೂರು ಭಾಷೆಯಲ್ಲಿ ಬರೆದು ಹೆಸರಾದವರಿಗೆ ಬಾಯೇ ಬರಲಿಲ್ಲ. ತಟ್ಟೆಯ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತರು. ಕೊನೆಗೆ ತಲೆ ಎತ್ತದೆ ಹೇಳಿದರು. “ಅವತ್ತು ಪರದೆ ಹಿಂದೆ ನಾನು ಶ್ರುತಿ ಏರಿಸಿದ್ದೆ. ತಂತಿ ಸಡಿಲ ಆಗಿರ್ಲಿಲ್ಲ. ಬೇಕಂತಲೇ ಏರಿಸಿದೆ. ನಿನ್ನ ದನಿ ಒಡೆಯಲಿ ಅಂತ.”

ಮಗ ಅನ್ನದಿಂದ ಕೈ ತೆಗೆದ. ಅಜ್ಜಿ ಮಾವನನ್ನೇ ನೋಡುತ್ತಿದ್ದರು, ಬಾಯಲ್ಲಿದ್ದ ತುತ್ತು ಬಾಯಲ್ಲೇ ಇತ್ತು.

“ನನ್ನ ಗಂಟಲಿಗೆ ಏನೂ ಆಗಿರ್ಲಿಲ್ಲ?” ಅತ್ತೆ ಕೇಳಿದರು.

“ಇಲ್ಲ.”

“ನಮ್ಮಪ್ಪಂಗೆ ನಾನು ಅವಮಾನ ಮಾಡ್ಲಿಲ್ಲ?”

“ಇಲ್ಲ.”

ಅತ್ತೆ ಸೌಟನ್ನು ಪಾತ್ರೆಯೊಳಗೆ ಇಟ್ಟರು. ಸೊಸೆಯ ಕಡೆ ತಿರುಗಿದರು. “ಕ್ಷಮಿಸಿದ್ರಿ ಅಂದ್ರಲ್ಲ ಸಭೇಲಿ ಆ ಮುದುಕಿ. ಪುಸ್ತಕದಲ್ಲಿ ಏನಂತ ಕ್ಷಮಿಸ್ತೀನಿ ನಾನು? ಓದು.”

“ಬೇಡ ಅತ್ತೆ.”

“ಓದು ಅಂದೆ.”

ಸೊಸೆ ಕೈ ತೊಳೆದು ಪುಸ್ತಕ ತಂದಳು. ಕೊನೆಯ ಪುಟ. ಮೂಗೊರೆಸಿಕೊಳ್ಳುತ್ತ ಒಂದೊಂದೇ ಸಾಲು ಹೇಳಿದಳು. ನನ್ನ ದನಿ ನಿಮ್ಮ ತಂತಿಯಲ್ಲಿ ಉಳಿದಿದೆ, ನನಗೆ ಅಷ್ಟೇ ಸಾಕು, ನೀವು ದೊಡ್ಡವರಾದರೆ ನಾನೂ ದೊಡ್ಡವಳಾದ ಹಾಗೆ, ಅಳಬೇಡಿ… ಮಾತು ಇಡೀ ಪುಟದ ತುಂಬ ಇತ್ತು.

“ಇಷ್ಟೊಂದು ಮಾತು ನಾನು ಯಾವತ್ತು ಆಡಿದ್ದೀನಿ?” ಅಂದರು ಅತ್ತೆ.

ಅವರು ಪುಸ್ತಕ ಮುಚ್ಚಿ ಗಂಡನ ಕಡೆ ತಿರುಗಿದರು.

“ಪಿಟೀಲು ತನ್ನಿ.”

“ಈಗ ಯಾಕೆ…”

“ತನ್ನಿ ರೀ.”

ಮಾವ ಎಂಜಲು ಕೈ ತೊಳೆದು ಪಿಟೀಲು ತಂದು ಕೂತರು. ಅತ್ತೆ ಅವರ ಎದುರು ನಿಂತರು. “ಮನೇಲಿ ತಾಲೀಮು ಮಾಡ್ತಿದ್ದ ಶ್ರುತಿಗೆ ಇಳಿಸಿ. ನಂದು. ನೆನಪಿದೆಯಾ?”

ನೆನಪಿತ್ತು. ಮಾವ ಬಿರಡೆ ಹಿಡಿದು ಸ್ವಲ್ಪ ತಿರುವಿದರು, ತಂತಿ ಮೀಟಿದರು. “ಇನ್ನೂ,” ಅಂದರು ಅತ್ತೆ. ಇನ್ನೊಂದಿಷ್ಟು ಸಡಿಲಿಸಿ ಮೀಟಿದರು. ಅತ್ತೆಯ ಗಂಟಲಲ್ಲಿ ಏನೋ ಸಣ್ಣಗೆ ಅಲುಗಿತು, ಬಾಯಿ ತೆರೆಯಲಿಲ್ಲ. ಕಣ್ಣು ಮಾತ್ರ ಆ ಬಿರಡೆಯ ಮೇಲಿತ್ತು. ಗಡಿಯಾರಕ್ಕೆ ಕೀಲಿ ಕೊಡುವಾಗ ತಿರುವುವಷ್ಟೂ ಅದು ತಿರುಗಿರಲಿಲ್ಲ.

“ಇಷ್ಟೇನಾ?” ಅಂದರು. “ಇಷ್ಟಕ್ಕೇನಾ?”

ಮಾವನ ಭುಜ ಕುಸಿಯಿತು. ಪಿಟೀಲನ್ನು ತೊಡೆಯ ಮೇಲೆ ಮಲಗಿಸಿ, ಮಕ್ಕಳ ಹಾಗೆ ಬಿಕ್ಕಿದರು. “ನನ್ನ ಕ್ಷಮಿಸಿಬಿಡು.”

“ಅದನ್ನ ನೀವು ಆಗ್ಲೇ ಬರ್ಕೊಂಡಿದ್ದೀರಲ್ಲ ರೀ,” ಅಂದರು ಅತ್ತೆ. “ನಾನೇನು ಕೊಡೋದು ಉಳಿದಿದೆ ಅದರಲ್ಲಿ?”

ಅವರು ಬಗ್ಗಿ ತಟ್ಟೆಗಳನ್ನು ಒಟ್ಟು ಮಾಡತೊಡಗಿದರು. ಅಜ್ಜಿಯ ತಟ್ಟೆಗೆ ಕೈ ಹಾಕುವಷ್ಟರಲ್ಲಿ ಅಜ್ಜಿ ಗೋಡೆ ಹಿಡಿದುಕೊಂಡು ಎದ್ದು, ತಮ್ಮ ತಟ್ಟೆಯನ್ನು ತಾವೇ ತೆಗೆದುಕೊಂಡು ಬಚ್ಚಲಿನ ಕಡೆ ಹೋದರು. ಅತ್ತೆ ಈ ಮನೆಗೆ ಸೊಸೆಯಾಗಿ ಬಂದ ಕಾಲದಿಂದ ಅಜ್ಜಿ ತಟ್ಟೆ ಎತ್ತಿದ್ದಿಲ್ಲ.

ಮಾವ ಕಣ್ಣೊರೆಸಿಕೊಂಡು ಪಿಟೀಲು ಪೆಟ್ಟಿಗೆಗೆ ಇಡುವ ಮೊದಲು, ರೂಢಿಯಿಂದ, ತಂತಿಯನ್ನು ಮೊದಲಿನ ಶ್ರುತಿಗೆ ಬಿಗಿಮಾಡಲು ಬಿರಡೆಗೆ ಕೈ ಹಾಕಿದರು.

“ಮುಟ್ಬೇಡಿ ಅದನ್ನ,” ಅಡುಗೆ ಮನೆಯಿಂದ ಅತ್ತೆ ಹೇಳಿದರು. ಅವರು ಇತ್ತ ತಿರುಗಿಯೂ ಇರಲಿಲ್ಲ. ಬಿರಡೆಯ ಸಣ್ಣ ಕಿರ್ರ್ ಸದ್ದು ನೀರಿನ ಸದ್ದಿನ ನಡುವೆಯೂ ಅವರಿಗೆ ಕೇಳಿಸಿತ್ತು.

ಮಾವ ಕೈ ತೆಗೆದರು.